ಅಣ್ಣನ ಸಪ್ಪೆ ಮಾತಿಗೆ ನನ್ನ ಹೂಂ

ನನ್ನ ಹೊಲಿಗೆ ಮಿಷಿನ್ನಿನ ಬಲಗಡೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇದೆ. ಅದರೊಳಗೆ ಹುಕ್ಕು, ಗುಂಡಿ, ತುಂಡು ಸೀಮೆಸುಣ್ಣ. ಡಬ್ಬಿಗೆ ಒರಗಿಸಿ ಫೋನು ನಿಲ್ಲಿಸಿದರೆ ಎರಡೂ ಕೈ ಬಿಡುವಾಗುತ್ತವೆ. ಮೊನ್ನೆ ರವಿಕೆಗೆ ಅಳತೆ ಕೊಡಲು ಬಂದ ಎದುರು ಮನೆಯ ಹುಡುಗಿ, ಆ ಡಬ್ಬಿಯ ಮೈಮೇಲೆ ಫೋನಿನ ಅಗಲಕ್ಕೆ ಬಣ್ಣ ಸವೆದು ತಗಡು ಕಾಣುವುದನ್ನು ನೋಡಿ, "ಆಂಟಿ, ಇಲ್ಲಿ ದಿನಾ ಏನು ಉಜ್ತೀರ?" ಎಂದು ಕೇಳಿದಳು. ನಾನು ಟೇಪು ಹುಡುಕುವವಳಂತೆ ಆಚೀಚೆ ನೋಡಿದೆ. ಟೇಪು ನನ್ನ ಕೊರಳಲ್ಲೇ ಇತ್ತು.

ಆ ಬಣ್ಣ ಸವೆಸಿದ್ದು ನನ್ನ ಅಣ್ಣ. ಅಂದರೆ ಅಣ್ಣನ ಫೋನು ಬಂದಾಗಲೆಲ್ಲ ನಾನು ಅದನ್ನು ಅಲ್ಲಿ ಒರಗಿಸಿ, ಸ್ಪೀಕರ್ ಹಾಕಿ, ನನ್ನ ಪಾಡಿಗೆ ಹೊಲಿಯುತ್ತ ಕೂತದ್ದರ ಗುರುತು ಅದು. ಹನ್ನೊಂದು ವರ್ಷದ ಗುರುತು. ಅದರ ವಿಷಯ ಬರೆಯಬೇಕೆಂದು ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೇನೆ. ಬರೆದರೆ ಮರ್ಯಾದೆ ಹೋಗುತ್ತದೆ. ಬರೆಯದಿದ್ದರೆ ಮರ್ಯಾದೆ ಇದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡು ಕೂರಬೇಕಾಗುತ್ತದೆ. ಎರಡನೆಯದು ಹೆಚ್ಚು ಕಷ್ಟವಾಗಿದೆ.

ಅಣ್ಣನ ಹೆಸರು ರುದ್ರೇಶ. ನನಗಿಂತ ಆರು ವರ್ಷ ದೊಡ್ಡವನು. ಭದ್ರಾವತಿಯ ಓಲ್ಡ್ ಟೌನಿನಲ್ಲಿ, ನಾವು ಬೆಳೆದ ಮನೆಯಿಂದ ಎರಡು ಬೀದಿ ಆಚೆ, ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದ. ಬೀದಿಗಳಿಗೆ ನಲ್ಲಿ ನೀರು ಬಿಡುವುದು ಅವನ ಕೆಲಸ. ಉದ್ದನೆಯ ಕಬ್ಬಿಣದ ಕೀಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗಿ, ರಸ್ತೆಯ ಬದಿಯ ಗುಂಡಿಯ ಮುಚ್ಚಳ ಎತ್ತಿ, ವಾಲ್ವು ತಿರುಗಿಸಿ ಒಂದು ಬೀದಿಗೆ ಬಿಡುವುದು, ಹೊತ್ತು ನೋಡಿ ನಿಲ್ಲಿಸಿ ಮುಂದಿನ ಬೀದಿಗೆ ಹೋಗುವುದು. ನಾನು ಮದುವೆಯಾಗಿ ಶಿವಮೊಗ್ಗದ ಆಲ್ಕೊಳಕ್ಕೆ ಬಂದವಳು. ನಡುವೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಅಷ್ಟು ಹತ್ತಿರವಿದ್ದೂ ನಾವು ಮುಖ ನೋಡುತ್ತಿದ್ದದ್ದು ವರ್ಷಕ್ಕೆ ನಾಲ್ಕೈದು ಸಲ. ಫೋನು ಮಾತ್ರ ದಿನಾ ಸಂಜೆ ಏಳೂ ಇಪ್ಪತ್ತಕ್ಕೆ ತಪ್ಪದೆ ಬರುತ್ತಿತ್ತು.

"ಇವತ್ತು ಐದೂ ಹತ್ತಕ್ಕೆ ಎದ್ದೆ. ಎಚ್ಚರ ಐದಕ್ಕೇ ಆಗಿತ್ತು, ಎದ್ದಿದ್ದು ಐದೂ ಹತ್ತಕ್ಕೆ. ಟೀ ಮಾಡ್ಕೊಂಡೆ. ಹಾಲು ನಿನ್ನೇದು. ಒಡೆದಿರುತ್ತೇನೋ ಅಂದ್ಕೊಂಡೆ. ಒಡೆದಿರ್ಲಿಲ್ಲ."

ಅಣ್ಣನ ಕಥೆಗಳಲ್ಲಿ ಹಾಲು ಒಡೆಯುವುದಿಲ್ಲ. ಬಸ್ಸು ತಪ್ಪುವುದಿಲ್ಲ. ನಾಯಿ ಇನ್ನೇನು ಅಟ್ಟಿಸಿಕೊಂಡು ಬರುತ್ತದೆ ಎನ್ನುವಷ್ಟರಲ್ಲಿ ಅದು ಮಲಗಿಬಿಡುತ್ತದೆ. ಒಂದು ಸಲ ಸೇತುವೆಯ ಮೇಲೆ ಲಾರಿಯೂ ಬಸ್ಸೂ ಎದುರುಬದುರಾದವು ಎಂದು ಶುರುಮಾಡಿದ. ನಾನು ಕೂಡ ಪೆಡಲ್ಲಿನಿಂದ ಕಾಲು ತೆಗೆದು ಕಿವಿಗೊಟ್ಟೆ. ಹತ್ತು ನಿಮಿಷದ ಮೇಲೆ ಲಾರಿಯವನು ಹಿಂದಕ್ಕೆ ಹೋಗಿ ಬಸ್ಸಿಗೆ ದಾರಿ ಬಿಟ್ಟ. ಅಷ್ಟೇ. "ಒಳ್ಳೆ ಮನುಷ್ಯ," ಎಂದು ಅಣ್ಣ ಆ ಲಾರಿಯವನನ್ನು ಹೊಗಳಿದ. ಅವತ್ತೇ ನಾನು ನಿರ್ಧಾರ ಮಾಡಿದ್ದು, ಇನ್ನು ಇವನ ಮಾತಿಗೆ ಕಾಲು ತೆಗೆಯುವುದಿಲ್ಲ ಎಂದು.

ಸಪ್ಪೆ ಎನ್ನುವ ಮಾತನ್ನು ಅವನ ಮೇಲೆ ಮೊದಲು ಪ್ರಯೋಗಿಸಿದವಳು ನಮ್ಮ ಅವ್ವ. ಕೋಪದಿಂದಲ್ಲ. ಸಾರಿನ ರುಚಿ ನೋಡಿ ಹೇಳುವ ಹಾಗೆ, "ನಮ್ಮ ರುದ್ರನಿಗೆ ಉಪ್ಪು ಹಾಕೋದು ಮರ್ತೆ ಕಣೆ," ಎನ್ನುತ್ತಿದ್ದಳು. ಉಪ್ಪು ಖಾರ ಎಲ್ಲ ನನ್ನ ಪಾಲಿಗೆ ಬಂದಿತ್ತು ಎಂದು ಊರಿಗೇ ಗೊತ್ತಿತ್ತು. ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಅಣ್ಣ ಎಸ್ಸೆಸ್ಸೆಲ್ಸಿ ಪಾಸು. ಆದರೂ ಮನೆಯಲ್ಲಿ ಜಾಣೆ ಎಂದರೆ ನಾನೇ. ಬಾಯಿ ಇದ್ದವರನ್ನು ಜಾಣರೆಂದು ತಿಳಿಯುವ ಮನೆ ನಮ್ಮದು. ಅಣ್ಣನೂ ಹಾಗೇ ತಿಳಿದಿದ್ದ. "ತಂಗಿನ ಕೇಳಿ ಹೇಳ್ತೀನಿ," ಎನ್ನುವುದು ಅವನ ಬಾಯಲ್ಲಿ ಚಿಕ್ಕಂದಿನಿಂದ ಇದ್ದ ಮಾತು.

ಆಗ ಸಂಜೆ ಹೊತ್ತು ಕರೆಂಟು ಹೋದರೆ ಅವ್ವ ಕಥೆ ಹೇಳುತ್ತಿದ್ದಳು. ಕಥೆ ಹೇಳುವವರಿಗೆ ಹೂಂಗುಟ್ಟಬೇಕು, ಇಲ್ಲದಿದ್ದರೆ ಅವ್ವ ನಿಲ್ಲಿಸಿಬಿಡುತ್ತಿದ್ದಳು. ಅಣ್ಣ ಹೂಂಗುಟ್ಟುವುದಕ್ಕಿಂತ ಹೆಚ್ಚಾಗಿ ಪ್ರಶ್ನೆ ಕೇಳುತ್ತಿದ್ದ. ರಾಜಕುಮಾರ ಏಳು ಸಮುದ್ರ ದಾಟಲು ಹೊರಟರೆ, "ಕುದುರೆಗೆ ಹುಲ್ಲು ಯಾರು ಹಾಕ್ತಿದ್ರವ್ವ ಅಲ್ಲಿಗಂಟ?" ಎನ್ನುತ್ತಿದ್ದ. ಅವ್ವನಿಗೆ ಸಿಟ್ಟು ಬರುತ್ತಿತ್ತು. "ನೀನೇ ಹೋಗಿ ಹಾಕು ಮಾರಾಯ," ಎಂದು ಅವನನ್ನು ಸುಮ್ಮನಾಗಿಸಿ, ಹೂಂಗುಟ್ಟುವ ಕೆಲಸವನ್ನು ನನಗೆ ಕೊಡುತ್ತಿದ್ದಳು. ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಯಲ್ಲೂ ಸರಿಯಾದ ಜಾಗಕ್ಕೆ ಹೂಂ ಅನ್ನುತ್ತಿದ್ದೆ. ಕಥೆ ಮುಗಿಯುವವರೆಗೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈ ಒಂದು ವಿದ್ಯೆ ನನಗೆ ಯಾವ ಮೇಷ್ಟರೂ ಇಲ್ಲದೆ ಬಂದದ್ದು.

ಅಣ್ಣ ಸಿನಿಮಾ ನೋಡಿ ಬಂದರೆ ನನಗೆ ಅದರ ಕಥೆ ಹೇಳಬೇಕಿತ್ತು. ಅವನು ಗೇಟಿನಿಂದ ಶುರುಮಾಡುತ್ತಿದ್ದ. ಲೈನಿನಲ್ಲಿ ಮುಂದೆ ಯಾರು ನಿಂತಿದ್ದರು, ಫ್ಯಾನು ಯಾವ ಕಡೆ ತಿರುಗುತ್ತಿತ್ತು.

"ವಿಲನ್ ಬಂದ್ನಾ?" ಎಂದು ನಾನು.

"ಇರೇ, ಇನ್ನೂ ಹೆಸರು ತೋರಿಸ್ತಿದಾರೆ."

ಸಿನಿಮಾದಷ್ಟೇ ಹೊತ್ತು ಹಿಡಿಯುತ್ತಿತ್ತು ಅವನ ಕಥೆಗೂ. ಆದರೆ ಒಂದು ಮಾತು ಹೇಳಬೇಕು. ಅವನು ಹೇಳಿದ ಸಿನಿಮಾವನ್ನು ಮುಂದೆ ನಾನೇ ನೋಡಿದಾಗ ಒಂದು ಸೀನೂ ಹೆಚ್ಚುಕಮ್ಮಿ ಇರುತ್ತಿರಲಿಲ್ಲ. ನಮ್ಮ ಸೋದರಮಾವ ಹೇಳಿದ ಸಿನಿಮಾಗಳಲ್ಲಿ ಹೀರೋ ಹುಲಿಯ ಜೊತೆ ಹೊಡೆದಾಡುತ್ತಿದ್ದ, ಹೋಗಿ ನೋಡಿದರೆ ಹುಲಿಯೇ ಇರುತ್ತಿರಲಿಲ್ಲ. ಆದರೂ ಮಾವ ಬಂದರೆ ಬೀದಿಯ ಮಕ್ಕಳೆಲ್ಲ ನಮ್ಮ ಜಗಲಿಗೆ ಬರುತ್ತಿದ್ದರು. ಅವ್ವ ಹಾಸಿಗೆ ಹಿಡಿದಾಗ ಮಾವ ಒಂದು ಸಲ ಬಂದು, ಎಲ್ಲರನ್ನೂ ನಗಿಸಿ ಹೋದ. ಅಣ್ಣ ಎಂಟು ತಿಂಗಳು ಪಕ್ಕದಲ್ಲಿ ಕೂತು ಯಾವ ಬೀದಿಗೆ ಎಷ್ಟು ಹೊತ್ತಿಗೆ ನೀರು ಬಿಟ್ಟೆ ಎಂದು ಹೇಳಿದ. ಅವ್ವನಿಗೆ ಮಾತ್ರೆಗೂ ಬರದ ನಿದ್ದೆ ಅಣ್ಣನ ಮಾತಿಗೆ ಬರುತ್ತಿತ್ತು. ಅದನ್ನೂ ನಾನು ತಮಾಷೆ ಮಾಡಿದ್ದೇನೆ. ತಿಥಿಯ ಊಟದಲ್ಲಿ.

ಇನ್ನೊಂದು ಹೇಳಿಬಿಡುತ್ತೇನೆ, ಶುರುವಾಗಿದ್ದಾಗಿದೆ. ನೆಂಟರು ಸೇರಿದರೆ "ರುದ್ರಣ್ಣನ ಹಂಗೆ ಮಾತಾಡೇ" ಎಂದು ನನ್ನನ್ನು ಕೇಳುವ ರೂಢಿ ಬಂದುಬಿಟ್ಟಿತ್ತು. ವಿದ್ಯಾನಗರದಲ್ಲಿ ಒಬ್ಬರ ಮನೆಯ ನಾಮಕರಣದಲ್ಲಿ ಊಟಕ್ಕೆ ಕೂತಾಗಲೂ ಹಾಗೇ ಆಯಿತು. ನಾನು ಅಣ್ಣನ ಹಾಗೆ ಕಣ್ಣು ಅರ್ಧ ಮುಚ್ಚಿ, ಬೆರಳು ಮಡಿಸುತ್ತ, "ಆರೂವರೆಗೆ ಹೊರಟೆ. ಆರೂವರೆ ಅಂದ್ರೆ ಸರಿಯಾಗಿ ಆರೂವರೆ ಅಲ್ಲ..." ಎಂದು ಶುರುಮಾಡಿದೆ. ಪಂಕ್ತಿಯವರೆಲ್ಲ ನಕ್ಕರು. ನಗು ಅತಿಯಾಯಿತು ಎನ್ನಿಸಿ ತಿರುಗಿದರೆ, ಹಿಂದೆ ಮಜ್ಜಿಗೆಯ ಜಗ್ಗು ಹಿಡಿದು ಬಡಿಸುತ್ತ ಬಂದ ಅಣ್ಣ ನಿಂತಿದ್ದ. ಅವನೂ ನಗುತ್ತಿದ್ದ.

"ಅವತ್ತು ಆರೂವರೆ ಅಲ್ಲ ಕಣೆ, ಆರೂ ಮುಕ್ಕಾಲು," ಎಂದು ಹೇಳಿ ನನ್ನ ಲೋಟಕ್ಕೆ ಮಜ್ಜಿಗೆ ಹಾಕಿದ.

ಪಂಕ್ತಿಯವರು ಇನ್ನೂ ಜೋರಾಗಿ ನಕ್ಕರು. ನಾನೂ ನಕ್ಕೆ.

ಅವನಿಗೆ ಮದುವೆಯಾಗದಿರಲು ಈ ಮಾತೇ ಕಾರಣ ಎಂದು ಎಲ್ಲರೂ ಹೇಳುತ್ತಿದ್ದರು. ವಯಸ್ಸಿನಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದೆವು. ಹುಡುಗಿಯ ಅಪ್ಪ ಸುಮ್ಮನೆ ಮಾತಿಗೆ, "ಏನು ಕೆಲಸ ಮಾಡ್ಕೊಂಡಿದೀರಪ್ಪ?" ಎಂದು ಕೇಳಿದರು. ಅಣ್ಣ ಭದ್ರಾವತಿಯ ಎಲ್ಲ ವಾಲ್ವುಗಳನ್ನೂ ಒಂದೊಂದಾಗಿ ಹೇಳಿದ. ಮೂರನೆಯ ವಾರ್ಡಿಗೆ ಬರುವಷ್ಟರಲ್ಲಿ ಆ ಹಿರಿಯರು ಗೋಡೆಗೆ ಒರಗಿದ್ದರು. ಮುಂದಿನ ಮನೆಗೆ ಹೋಗುವಾಗ ನಾನು ಅಣ್ಣನಿಗೆ ಬಾಯಿ ಬಿಡಬೇಡ ಎಂದು ಆಣೆ ಹಾಕಿದ್ದೆ. ಬಿಡಲಿಲ್ಲ. ಆ ಮನೆಯವರು ಮರುದಿನ, "ಹುಡುಗನಿಗೆ ಮಾತು ಬರುತ್ತಲ್ಲ?" ಎಂದು ಕೇಳಿ ಕಳಿಸಿದರು. ಆಮೇಲೆ ಅಣ್ಣ ಎಲ್ಲಿಗೂ ಬರಲಿಲ್ಲ. "ಸಾಕು ಬಿಡೇ. ಅವರಿಗೂ ಕಷ್ಟ," ಎಂದ.

ಈಗ ಫೋನಿಗೆ ಬರುತ್ತೇನೆ. ಅಣ್ಣನ ಮಾತನ್ನು ನಿಭಾಯಿಸಲು ನನ್ನ ಬಳಿ ಮೂರು ಉತ್ತರಗಳಿದ್ದವು. ಅವನು ಉಸಿರು ತೆಗೆದುಕೊಂಡಾಗ "ಹೂಂ". ದನಿ ಸ್ವಲ್ಪ ಏರಿದರೆ "ಹೌದಾ". ಅವನೇನೋ ಕೇಳಿ ಸುಮ್ಮನಾದ ಹಾಗೆ ಅನ್ನಿಸಿದರೆ "ಅದ್ರಲ್ಲಿ ಯೋಚ್ನೆ ಮಾಡೋದೇನಿದೆ ಬಿಡಣ್ಣ". ಈ ಮೂರನ್ನು ಇಟ್ಟುಕೊಂಡು ನಾನು ರವಿಕೆಗೆ ಕುತ್ತಿಗೆ ಕತ್ತರಿಸಿದ್ದೇನೆ, ಅನ್ನಕ್ಕೆ ಇಟ್ಟಿದ್ದೇನೆ, ಬಂದ ಗಿರಾಕಿಯ ಜೊತೆ ಕೈಸನ್ನೆಯಲ್ಲಿ ಮಾತಾಡಿದ್ದೇನೆ. "ರೇಡಿಯೋ ಶುರುವಾಯ್ತಾ?" ಎಂದು ನಮ್ಮ ಮನೆಯವರು ಕೇಳುತ್ತಿದ್ದರು. ಒಂದು ದಿನ ನಡುವೆ ಲೈನು ಕಟ್ಟಾಗಿತ್ತು. ನಾನು ಕಾಲು ಗಂಟೆ ಬರೀ ಡಬ್ಬಿಗೆ ಹೂಂ, ಹೌದಾ ಎನ್ನುತ್ತಿದ್ದೆ. ಮಗಳು ಬಾಗಿಲಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮಾ, ಮಾವ ಹೋಗಿ ಯಾವ ಕಾಲ ಆಯ್ತು." ನಾವೆಲ್ಲ ಅವತ್ತು ಬಹಳ ನಕ್ಕೆವು.

ಈ ಸಲ ಸಂಕ್ರಾಂತಿ ಕಳೆದ ಭಾನುವಾರ ಎಳ್ಳು ಬೆಲ್ಲ ಕೊಟ್ಟು ಬರೋಣವೆಂದು ಓಲ್ಡ್ ಟೌನಿಗೆ ಹೋದೆ. ಹೇಳದೆ ಹೋದದ್ದರಿಂದ ಅಣ್ಣನ ಕೋಣೆಗೆ ಬೀಗ ಇತ್ತು. ಮೆಟ್ಟಿಲ ಮೇಲೆ ಕೂತಿದ್ದೆ. ಇಳಿಜಾರಿನ ಕೆಳಗಿನ ಮನೆಯಿಂದ ಒಬ್ಬ ಹೆಂಗಸು ಕೀ ಹಿಡಿದು ಬಂದರು. ನನ್ನ ವಯಸ್ಸೇ ಇರಬಹುದು. ಕೈ ಒರೆಸಿಕೊಳ್ಳುತ್ತ ಬಂದದ್ದರಿಂದ ಅಡುಗೆ ನಡುವೆ ಎದ್ದು ಬಂದಿದ್ದಾರೆ ಎನ್ನಿಸಿತು.

"ನೀವು ಆಲ್ಕೊಳದ ತಂಗಿ ಅಲ್ವಾ?" ಎಂದರು. "ಒಳಗೆ ಕೂತಿರಿ. ಅವರು ಬರೋದು ಒಂದೂವರೆ ಆಗುತ್ತೆ. ನಿಮ್ಮ ಮಂಡಿನೋವು ಹೆಂಗಿದೆ ಈಗ?"

ನನಗೆ ಮಂಡಿನೋವಿರುವುದು ನಮ್ಮ ಮನೆಯವರಿಗೇ ನೆನಪಿರುವುದಿಲ್ಲ.

"ಮಗಳಿಗೆ ಲೆಕ್ಕದಲ್ಲಿ ಎಪ್ಪತ್ತು ಬಂತಂತಲ್ಲ. ದಸರಾ ಹೊತ್ತಿಗೆ ನಲವತ್ತು ರವಿಕೆ ಬಂದಿತ್ತಂತೆ, ಒಬ್ಬರೇ ಹೊಲಿದ್ರಂತೆ," ಎಂದು ಅವರು ಬಾಗಿಲು ತೆಗೆದು ಚಾಪೆ ಹಾಸಿದರು. "ಎಲ್ಲ ಹೇಳ್ತಾರೆ ಅವರು. ನೀವು ಹೇಳಿದ್ದೆಲ್ಲ ಹೇಳ್ತಾರೆ."

ನಾನು ನಕ್ಕು, "ಪಾಪ, ನಿಮ್ಮ ತಲೆನೂ ತಿಂತಾನಾ ನಮ್ಮಣ್ಣ?" ಎಂದೆ. ಅವರು ನಗಲಿಲ್ಲ.

"ನಾನು ಸರೋಜ," ಎಂದರು. ಹೆಸರು ಹೇಳಿದರೆ ನನಗೆ ಎಲ್ಲ ಗೊತ್ತಾಗಬೇಕು ಎನ್ನುವ ಹಾಗೆ ಒಂದು ಕ್ಷಣ ನಿಂತರು. ನನಗೆ ಏನೂ ಗೊತ್ತಾಗಲಿಲ್ಲ. "ನೀವು ಬೇಡ ಅಂದಿದ್ದಕ್ಕೆ ನಂಗೇನೂ ಬೇಜಾರಿಲ್ಲ ಅಕ್ಕ. ನೀವು ಮನೇವರು. ನಿಮಗೆ ಏನೋ ಸರಿ ಕಂಡಿರಲ್ಲ. ಅದನ್ನ ಹೇಳ್ಬೇಕು ಅಂತಿದ್ದೆ, ಹೇಳ್ದೆ. ಈ ತಿಂಗಳು ಕಳೆದ್ರೆ ನಾನು ತರೀಕೆರೆಗೆ ನಮ್ಮಣ್ಣನ ಮನೆಗೆ ಹೋಗ್ತೀನಿ. ಇಲ್ಲಿ ಇದ್ದು ಇವರಿಗೂ ಕಷ್ಟ, ನಂಗೂ ಕಷ್ಟ."

"ನಾನು ಏನು ಬೇಡ ಅಂದೆ?"

ಅವರು ನನ್ನ ಮುಖವನ್ನೇ ನೋಡಿದರು. ಒಲೆಯ ಮೇಲೆ ಬೇಳೆ ಇದೆ ಎಂದು ಹೇಳಿ ಇಳಿದು ಹೋದರು.

ಕೋಣೆಯಲ್ಲಿ ಒಬ್ಬಳೇ ಕೂತಾಗ ಒಂದೊಂದೇ ನೆನಪಾಗತೊಡಗಿತು. ಕೇಳಿಸಿಕೊಳ್ಳದೆ ಇದ್ದರೂ ಮಾತು ಕಿವಿಯೊಳಗೆ ಎಲ್ಲೋ ಬಿದ್ದಿರುತ್ತದೆ. ಇಳಿಜಾರಿನ ಕೊನೆಯ ಮನೆಗೆ ನೀರು ತಲುಪುವುದಿಲ್ಲ ಎನ್ನುತ್ತಿದ್ದ. ಮೇಲಿನವರೆಲ್ಲ ಮೋಟಾರು ಹಾಕಿ ಎಳೆದುಬಿಡುತ್ತಾರೆ, ಆ ಬೀದಿಗೆ ಐದು ನಿಮಿಷ ಹೆಚ್ಚು ಬಿಡಬೇಕು ಎನ್ನುತ್ತಿದ್ದ. ಆ ಮನೆಯವರು ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾರೆ, ಗಂಡ ತೀರಿಕೊಂಡು ಏಳು ವರ್ಷವಾಯಿತು ಎಂದಿದ್ದ. ಅವರು ಒಂದು ದಿನ ಟೀ ಕೊಟ್ಟರಂತೆ. ಶುಂಠಿ ಹಾಕಿದ್ದರಂತೆ. ಶುಂಠಿ ಜಜ್ಜಿ ಹಾಕಿದ್ದರೋ ತುರಿದು ಹಾಕಿದ್ದರೋ ಎಂದು ಅಣ್ಣ ಬಹಳ ಹೊತ್ತು ಹೇಳುತ್ತಿದ್ದ. ನಾನು ಅವತ್ತು ಯಾರದೋ ಸೀರೆಗೆ ಫಾಲ್ ಹಾಕುತ್ತಿದ್ದೆ. ಒಂದಿಡೀ ವರ್ಷ ಅಣ್ಣ ನನಗೆ ದಿನಾ ಸಂಜೆ ಅದೊಂದನ್ನೇ ಹೇಳುತ್ತಿದ್ದ. ಅವನ ಜೀವನದಲ್ಲಿ ಮೊದಲ ಸಲ ಏನೋ ಆಗುತ್ತಿತ್ತು. ನಾನು ಹೂಂ ಅನ್ನುತ್ತಿದ್ದೆ.

ಒಂದೂವರೆಗೆ ಸರಿಯಾಗಿ ಅಣ್ಣ ಬಂದ. ನನ್ನನ್ನು ನೋಡಿ ಅವನ ಮುಖ ಅರಳಿತು. ಎಷ್ಟು ಗಂಟೆಯ ಬಸ್ಸಿಗೆ ಬಂದೆ, ಸೀಟು ಸಿಕ್ಕಿತೇ, ಕಿಟಕಿ ಕಡೆಯದೇ ಎಂದೆಲ್ಲ ಕೇಳಿದ. ಅನ್ನ ಬಡಿಸಿದ. ನಾನು ತಟ್ಟೆಯ ಮುಂದೆ ಕೂತು ಧೈರ್ಯ ಮಾಡಿದೆ. ಯಾವ ಧೈರ್ಯ ಅಂತೀರಿ, ಸುಳ್ಳು ಹೇಳುವ ಧೈರ್ಯ.

"ಅಣ್ಣ, ಸರೋಜಮ್ಮನ ವಿಷಯ. ನಾನು ಇನ್ನೊಂದ್ಸಲ ಯೋಚ್ನೆ ಮಾಡ್ದೆ. ಆಗ್ಲಿ ಅನ್ನಿಸ್ತು. ಮದುವೆ ಮಾಡ್ಕೋ."

ಅವನು ಸಾರಿನ ಸೌಟನ್ನು ಹಾಗೇ ಹಿಡಿದುಕೊಂಡ. "ಮತ್ತೆ ಅವತ್ತು ಯಾಕೆ ಬೇಡ ಅಂದೆ?"

"ಅವತ್ತು ಏನೋ ಅನ್ನಿಸಿತ್ತು."

"ಏನು ಅನ್ನಿಸಿತ್ತು?"

"ಏನೋ. ಬಿಡು ಈಗ."

"ಬಿಡಕ್ಕೆ ಬರಲ್ಲ ಕಣೆ. ನಂಗೆ ಕಾಣದೆ ಇರೋದು ನಿಂಗೆ ಕಾಣುತ್ತೆ. ನಾನು ಅವತ್ತು ಎಲ್ಲ ಬಿಡಿಸಿ ಹೇಳ್ದೆ. ಅವರೇ ಕೇಳಿದ್ರು, ಅವರ ಅಣ್ಣನೂ ಬಂದು ಮಾತಾಡಿ ಹೋಗಿದ್ರು, ಈ ವಯಸ್ಸಲ್ಲಿ ಜನ ಏನಂತಾರೋ, ಬೇಡ ಅಂದ್ಬಿಡ್ಲಾ ಅಂತ ಕೇಳ್ದೆ. ನೀನು ಹೂಂ ಅಂದೆ. ನಂಗೆ ತಡೀಲಿಲ್ಲ, ಎರಡು ದಿನ ಬಿಟ್ಟು ಹೇಳ್ತೀಯಾ, ಯೋಚ್ನೆ ಮಾಡಿ ನೋಡ್ತೀಯಾ ಅಂದೆ. ಅದ್ರಲ್ಲಿ ಯೋಚ್ನೆ ಮಾಡೋದೇನಿದೆ ಬಿಡಣ್ಣ ಅಂತ ನೀನು ಅಂದ್ಬಿಟ್ಟೆ. ಅಷ್ಟು ಖಡಕ್ಕಾಗಿ ಹೇಳ್ಬೇಕಾದ್ರೆ ಅವರಲ್ಲಿ ಏನೋ ಇದೆ. ನಂಗೆ ಬೇಜಾರಾಗುತ್ತೆ ಅಂತ ಮುಚ್ಚಿಡ್ತಿದೀಯ. ಅದನ್ನ ಹೇಳೋವರೆಗೂ ನಾನು ಅವರ ಮನೆಗೆ ಹೋಗಲ್ಲ."

ನನ್ನ ಸುಳ್ಳು ಎಲ್ಲಿಗೆ ತಂದು ನಿಲ್ಲಿಸಿತ್ತು ನೋಡಿ. ನಾನು ಬಾಯಿ ಮುಚ್ಚಿದರೆ ಆ ಹೆಂಗಸಿನ ಮೇಲೆ ಇಲ್ಲದ ಕಳಂಕ ಬರುತ್ತದೆ. ಅವರು ತರೀಕೆರೆಗೆ ಹೋಗುತ್ತಾರೆ, ಅಣ್ಣ ಈ ಕೋಣೆಯಲ್ಲೇ ಇರುತ್ತಾನೆ. ಬಾಯಿ ಬಿಟ್ಟರೆ ಅಣ್ಣನಿಗೆ ಹನ್ನೊಂದು ವರ್ಷದ ವಿಷಯ ಹೇಳಬೇಕು. ನಾಚಿಕೆಗೇಡಿನ ಮಾತು ಏನೆಂದರೆ, ಅಂಥ ಹೊತ್ತಿನಲ್ಲೂ ನಾನು ಮೂರನೆಯ ದಾರಿ ಹುಡುಕಿದೆ. ಫೋನು ಸರಿಯಾಗಿ ಕೇಳಿಸಲಿಲ್ಲ, ಮಿಷಿನ್ನಿನ ಸದ್ದಿತ್ತು ಎಂದು ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಹೇಳುವುದನ್ನು ಒಂದು ಅಕ್ಷರ ಬಿಡದೆ ಕೇಳಿಸಿಕೊಳ್ಳಲು ಕೂತಿದ್ದ.

"ನಾನು ಕೇಳಿಸ್ಕೊಂಡಿರಲಿಲ್ಲ ಅಣ್ಣ," ಎಂದೆ.

"ಯಾವುದನ್ನ?"

"ಅವತ್ತು ನೀನು ಹೇಳಿದ್ದನ್ನ. ಸುಮ್ನೆ ಹೂಂ ಅಂದೆ."

ಅವನಿಗೆ ಸ್ವಲ್ಪ ಹೊತ್ತು ಅದು ತಲೆಗೆ ಹೋಗಲಿಲ್ಲ. ಹೋದ ಮೇಲೆ ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಸರೋಜಮ್ಮನಲ್ಲಿ ಯಾವ ದೋಷವೂ ಇಲ್ಲ ಎನ್ನುವ ಸಂತೋಷ. "ಹಂಗಾದ್ರೆ ಅವರಲ್ಲಿ ಏನೂ ಇಲ್ಲ?" ಎಂದು ಎರಡು ಸಲ ಕೇಳಿದ. ಏನೂ ಇಲ್ಲ, ಏನೂ ಇಲ್ಲ ಎಂದೆ. ಸೌಟನ್ನು ಪಾತ್ರೆಯಲ್ಲಿಟ್ಟ. ಆಮೇಲೆ ನಿಧಾನವಾಗಿ ಉಳಿದದ್ದೂ ತಲೆಗೆ ಹೋಯಿತು.

"ಅವತ್ತೊಂದು ದಿನಾನಾ?"

ಇಲ್ಲಿ ಹೌದು ಎನ್ನಬಹುದಿತ್ತು. ಅವನು ನಂಬುತ್ತಿದ್ದ. ಆದರೆ ಆಗಲೇ ಅಳು ಬಂದುಬಿಟ್ಟಿತ್ತು, ಅಳುವಾಗ ನನಗೆ ಸುಳ್ಳು ಕಟ್ಟಲು ಬರುವುದಿಲ್ಲ. "ದಿನಾನೂ," ಎಂದೆ. "ನಂಗೆ ಬೋರಾಗ್ತಿತ್ತು ಅಣ್ಣ. ಫೋನು ಒರಗಿಸಿಟ್ಟು ಹೊಲೀತಿದ್ದೆ."

ಅಣ್ಣ ತಟ್ಟೆಯಲ್ಲಿ ಬೆರಳಾಡಿಸಿದ. "ಮಿಷಿನ್ ಸದ್ದು ಕೇಳ್ತಿತ್ತು," ಎಂದ. "ಕೆಲ್ಸ ಮಾಡ್ತಾನೇ ಕೇಳ್ತಿದೀಯ ಅಂದ್ಕೊಂಡಿದ್ದೆ. ಎಷ್ಟು ಕಷ್ಟ ಪಡ್ತಾಳೆ, ಅದರ ನಡುವೆನೂ ನನ್ನ ಮಾತು ಕೇಳ್ತಾಳೆ ಅಂತ ಸರೋಜಮ್ಮಂಗೂ ಹೇಳಿದ್ದೆ."

ಅವನು ಬಯ್ದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಬಯ್ಯಲಿಲ್ಲ. ಊಟ ಮುಂದುವರಿಸಿದ. ಮಜ್ಜಿಗೆ ಅನ್ನ ಕಲಸುವಾಗ ಏನೋ ನೆನಪಾದವನಂತೆ ಕೈ ನಿಲ್ಲಿಸಿದ.

"ಹಂಗಾದ್ರೆ ಯುಗಾದಿ ದಿನ ಹೇಳಿದ್ದೂ ಕೇಳಿಸ್ಕೊಂಡಿಲ್ಲ ನೀನು."

"ಏನು ಹೇಳಿದ್ದೆ?"

"ಇರ್ಲಿ ಬಿಡು," ಎಂದ. "ಊಟ ಮಾಡು, ಆರ್ತಿದೆ."

ಊಟವಾದ ಮೇಲೆ ಅವನು ಬಟ್ಟೆ ಬದಲಾಯಿಸಿ, ತಲೆ ಬಾಚಿ, ಇಳಿಜಾರು ಇಳಿದು ಸರೋಜಮ್ಮನ ಮನೆಗೆ ಹೋದ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಒಂದು ಗಂಟೆಯಾದರೂ ಬರಲಿಲ್ಲ. ನಾನು ಬಂದ ಬಸ್ಸಿನ ಸಮಯ, ಊಟಕ್ಕೆ ಕೂತ ಸಮಯ, ಎಲ್ಲ ಬಿಡಿಸಿ ಹೇಳುತ್ತಿರಬೇಕು ಎಂದುಕೊಂಡೆ. ವಾಪಸು ಬಂದಾಗ, ಏನಾಯಿತು ಎಂದು ನಾನು ಕೇಳುವ ಮುಂಚೆಯೇ ಹೇಳಿದ. "ತರೀಕೆರೆಗೆ ಹೋಗಲ್ವಂತೆ." ಅಷ್ಟೇ ಹೇಳಿದ.

ಶಿವರಾತ್ರಿ ಕಳೆದ ಮೇಲೆ ದೇವಸ್ಥಾನದಲ್ಲಿ ಸಣ್ಣದಾಗಿ ಮದುವೆಯಾಯಿತು. ಅತ್ತಿಗೆಯ ರವಿಕೆಯನ್ನು ನಾನೇ ಹೊಲಿದೆ. ಅಳತೆ ತೆಗೆದುಕೊಳ್ಳುವಾಗ ಇಬ್ಬರೇ ಇದ್ದೆವು. ಕ್ಷಮಿಸಿ ಎನ್ನಲು ಅದೇ ಸಮಯ ಎನ್ನಿಸಿ, ತೋಳಿನ ಅಳತೆ ಮೂರು ಸಲ ತೆಗೆದೆ. ಅತ್ತಿಗೆಗೆ ಅರ್ಥವಾಯಿತು.

"ಅವರ ಮಾತು ನಂಗೂ ಒಂದೊಂದ್ಸಲ ಬೋರಾಗುತ್ತೆ ಕಣ್ರೀ," ಎಂದರು.

ನನಗೆ ಎಷ್ಟು ಹಗುರವಾಯಿತೆಂದರೆ, "ಹೌದಾ? ಮತ್ತೆ ಏನು ಮಾಡ್ತೀರ?" ಎಂದು ಪಾಲುದಾರಳ ಹಾಗೆ ಕೇಳಿಬಿಟ್ಟೆ.

"ಇವತ್ತು ತಲೆ ಓಡ್ತಿಲ್ಲ, ನಾಳೆ ಹೇಳಿ ಅಂತೀನಿ. ನಾಳೆ ಹೇಳ್ತಾರೆ."

ನಾನು ಟೇಪು ಸುತ್ತಿದೆ. ಅಷ್ಟು ಸುಲಭದ ಒಂದು ಮಾತು ಹನ್ನೊಂದು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ. ಅಣ್ಣನಿಗೆ ನಾಳೆ ಹೇಳು ಎಂದರೆ ಅವನು ನೊಂದುಕೊಳ್ಳುತ್ತಾನೆ ಎಂದು ನಾನು ಹೂಂ ಅನ್ನುತ್ತಿದ್ದೆನೇ? ಹಾಗೆಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ನಿಜವಾಗಿ, ನಾಳೆಯೂ ಕೇಳುವ ಮನಸ್ಸು ನನಗಿರಲಿಲ್ಲ.

ಈಗ ಏಳೂ ಇಪ್ಪತ್ತಕ್ಕೆ ಫೋನು ಬರುವುದಿಲ್ಲ. ಸಿಟ್ಟಿಗಲ್ಲ. ನಾನೇ ಮಾಡಿದರೆ ಮೊದಲ ರಿಂಗಿಗೇ ಎತ್ತುತ್ತಾನೆ. ಪ್ರೀತಿಯಿಂದಲೇ ಮಾತಾಡುತ್ತಾನೆ. ಆದರೆ ನನಗೆ ಬೋರಾಗಬಾರದೆಂದು ಎಲ್ಲವನ್ನೂ ಚಿಕ್ಕದು ಮಾಡುತ್ತಾನೆ. "ಎಲ್ಲ ಆರಾಮು ಕಣೆ. ಅವಳೂ ಆರಾಮು. ನಿಂಗೆ ಕೆಲ್ಸ ಇರುತ್ತೆ, ಇಡ್ಲಾ?" ಎನ್ನುತ್ತಾನೆ. ನಾನು ಮಿಷಿನ್ನಿನಿಂದ ಎದ್ದು ಹೊರಗೆ ಕಟ್ಟೆಯ ಮೇಲೆ ಕೂತು, ಫೋನನ್ನು ಕಿವಿಗೆ ಹಿಡಿದೇ ಮಾತಾಡುತ್ತೇನೆ. ಕೆಲಸ ಏನೂ ಇಲ್ಲ, ಹೇಳು, ಇವತ್ತು ಎಷ್ಟು ಗಂಟೆಗೆ ಎದ್ದೆ ಎಂದು ಕೇಳುತ್ತೇನೆ. "ದಿನಾ ಏಳೋ ಹೊತ್ತಿಗೆ," ಎನ್ನುತ್ತಾನೆ. ಆ ಉತ್ತರದಲ್ಲಿ ಗಂಟೆಯೂ ಇಲ್ಲ, ನಿಮಿಷವೂ ಇಲ್ಲ. ಬೇರೆ ಯಾರೇ ಆಗಿದ್ದರೂ ಹಾಗೇ ಉತ್ತರ ಕೊಡುತ್ತಿದ್ದರು.

ಈ ಯುಗಾದಿಗೆ ಅವರಿಬ್ಬರೂ ನಮ್ಮ ಮನೆಗೆ ಬಂದಿದ್ದರು. ಊಟ ಮುಗಿಸಿ ಅತ್ತಿಗೆ ಮಗಳ ಜೊತೆ ಒಳಗಿದ್ದಾಗ, ಜಗಲಿಯಲ್ಲಿ ಅಣ್ಣನ ಪಕ್ಕ ಹೋಗಿ ಕೂತೆ. ಒಂದು ವರ್ಷದಿಂದ ಅವನಲ್ಲಿದ್ದದ್ದನ್ನು, ಮೂರು ತಿಂಗಳಿಂದ ನನ್ನನ್ನು ಕೊರೆಯುತ್ತಿದ್ದದ್ದನ್ನು ಕೇಳಿಬಿಟ್ಟೆ.

"ಅಣ್ಣ, ಹೋದ ಯುಗಾದಿ ದಿನ ಫೋನಲ್ಲಿ ಏನು ಹೇಳಿದ್ದೆ?"

ಅಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಒಂದೇ ಸಂಗತಿಯನ್ನು ಮೂರು ಸಲ ಹೇಳಿ, ನಾಲ್ಕನೆಯ ಸಲ ಬಿಟ್ಟುಹೋದದ್ದನ್ನು ಸೇರಿಸಿ ಹೇಳುವವನು ಅವನು. ನಾನು ಇನ್ನಷ್ಟು ಹತ್ತಿರ ಸರಿದು ಕೂತೆ.

"ಅದಾ?" ಎಂದು ಅಡಿಕೆ ಬಾಯಿಗೆ ಹಾಕಿಕೊಂಡ. "ಅದು ಹೇಳಿ ಆಯ್ತಲ್ಲ ಮಾರಾಯ್ತಿ."